ಅಂಬ್ಲಿಗೊಳದ ಸೀಮೆಯಲ್ಲಿ ವಿದ್ಯಾನಿರ್ವಹಣೆ: ಕೋಡಿಯ ಮಠದಿಂದ ದೂರಪಾಠದವರೆಗೆ

ಈಚಿನ ಕೆಲವು ವರ್ಷಗಳಿಂದ ನಮ್ಮ ಕಾಲೇಜುಗಳಲ್ಲಿ ‘ಕಲಿಕಾ ನಿರ್ವಹಣಾ ವ್ಯವಸ್ಥೆ’ ಎಂಬ ಹೆಸರು ಬಹುವಾಗಿ ಕೇಳಿಬರುತ್ತಿದೆ. ಪಾಠವನ್ನು ಗಣಕಯಂತ್ರದ ಮೂಲಕ ಹಂಚುವುದು, ವಿದ್ಯಾರ್ಥಿಯ ಹಾಜರಿಯನ್ನು ತೆಗೆದುಕೊಳ್ಳುವುದು, ಅಭ್ಯಾಸಪತ್ರಗಳನ್ನು ಪಡೆದು ಅಂಕಗಳನ್ನು ದಾಖಲಿಸುವುದು, ಇವೆಲ್ಲವನ್ನೂ ಒಂದೇ ಏರ್ಪಾಡಿನೊಳಕ್ಕೆ ತಂದಿರಿಸಿದ ತಂತ್ರಾಂಶಕ್ಕೆ ಈ ಹೆಸರು ಸಲ್ಲುತ್ತದೆ. ಅದರ ಗುಣದೋಷಗಳನ್ನು ಶಿಕ್ಷಣಶಾಸ್ತ್ರಜ್ಞರು ವಿವೇಚಿಸುತ್ತಿದ್ದಾರೆ. ಇತಿಹಾಸದ ಅಧ್ಯಾಪಕನಿಗೆ ಅಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ‘ನಿರ್ವಹಣೆ’ ಎಂಬ ಆ ನಡುವಣ ಪದವೇ ನನ್ನನ್ನು ಈ ವಿಷಯಕ್ಕೆ ಎಳೆದುತಂದಿತು. ವಿದ್ಯೆಯ ವಿಚಾರದಲ್ಲಿ ನಿರ್ವಹಿಸಬೇಕಾದುದು ಯಾವುದು? ಕಲಿಯುವವನನ್ನೊ, ಕಲಿಕೆಯನ್ನೊ, ಅಥವಾ ಕಲಿಕೆ ನಡೆಯುವುದಕ್ಕೆ ಬೇಕಾದ ಅನ್ನ ಬಟ್ಟೆ ದೀಪಗಳನ್ನೊ? ಈ ಪ್ರಶ್ನೆಗೆ ಎಂಟು ಶತಮಾನಗಳಿಗೂ ಹಿಂದೆಯೇ ಒಂದು ಉತ್ತರವನ್ನು ಕಲ್ಲಿನ ಮೇಲೆ ಬರೆದಿಟ್ಟ ಸೀಮೆಯಲ್ಲಿ ನಾನು ಪಾಠ ಹೇಳುತ್ತಿದ್ದೇನೆ.

ಅಂಬ್ಲಿಗೊಳವು ಶಿಕಾರಿಪುರ ತಾಲ್ಲೂಕಿನ ಒಂದು ಗ್ರಾಮ. ಹೊರಗಿನವರಿಗೆ ಅದರ ಪರಿಚಯವಿರುವುದು ಹೆಚ್ಚಾಗಿ ಅಲ್ಲಿಯ ಜಲಾಶಯದಿಂದ. ಈ ಊರನ್ನು ಕಣ್ಣ ಮುಂದಿಟ್ಟುಕೊಂಡು ಶಿಕಾರಿಪುರ ಸೊರಬ ತಾಲ್ಲೂಕುಗಳನ್ನು ನೋಡಿದರೆ, ಒಂದೆರಡು ದಿನಗಳ ಕಾಲ್ನಡಿಗೆಯೊಳಗೆ ಬಳ್ಳಿಗಾವಿ, ತಾಳಗುಂದ, ಮಳವಳ್ಳಿ, ಕುಬಟೂರು ಮೊದಲಾದ ಪ್ರಾಚೀನ ಸ್ಥಳಗಳು ದೊರೆಯುತ್ತವೆ. ಬಿ. ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟವನ್ನೂ 1904ರಲ್ಲಿ 8ನೆಯ ಸಂಪುಟವನ್ನೂ ಪ್ರಕಟಿಸಿದಾಗ ಈ ಎರಡು ತಾಲ್ಲೂಕುಗಳ ಶಾಸನಗಳ ವಿಪುಲತೆ ವಿದ್ವಾಂಸರ ಗಮನಕ್ಕೆ ಬಂದಿತು. ಅರಸರ ವಂಶಾವಳಿಗಾಗಿ ಆ ಸಂಪುಟಗಳನ್ನು ತಿರುವಿದವರು ಬಹಳ ಮಂದಿ. ಅಡುಗೆಯವನ ಸಂಬಳಕ್ಕಾಗಿ ತಿರುವಿದವರು ಕಡಮೆ.

ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ಕಾಳಾಮುಖ ಶೈವರ ವಿದ್ಯಾಸ್ಥಾನವಾಗಿದ್ದಿತು. ಕೋಡಿ ಎಂದರೆ ಕೆರೆಯ ಹೆಚ್ಚುವರಿ ನೀರು ಹೊರಬೀಳುವ ಜಾಗವೆಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತು. ಮಠದ ಹೆಸರೇ ಕೆರೆಯನ್ನು ನೆನಪಿಗೆ ತರುತ್ತದೆ. ಕ್ರಿ.ಶ. 1162ರಲ್ಲಿ, ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿ, ವಾಮಶಕ್ತಿ ಎಂಬ ಆಚಾರ್ಯನ ಕಾಲಕ್ಕೆ ಸೇರಿದ ಶಾಸನವೊಂದು ಈ ಮಠವನ್ನು ದೀರ್ಘವಾಗಿ ವರ್ಣಿಸುತ್ತದೆ. ಅಲ್ಲಿ ನಾಲ್ಕು ವೇದಗಳ ಸಾಂಗ ಅಧ್ಯಯನ ನಡೆಯುತ್ತಿದ್ದಿತು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನವಿದ್ದಿತು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧದರ್ಶನವನ್ನೂ ಬಿಡದೆ ವಿವರಿಸುತ್ತಿದ್ದರು. ಲಾಕುಳ ಸಿದ್ಧಾಂತ, ಪಾತಂಜಲ ಯೋಗ, ಅಷ್ಟಾದಶ ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳಿಗೂ ಅಲ್ಲಿ ಎಡೆಯಿದ್ದಿತು. ಶೈವಮಠವೊಂದು ಪರಮತದ ದರ್ಶನವನ್ನು ಪಾಠದ ಪಟ್ಟಿಯಲ್ಲಿ ಸೇರಿಸಿಕೊಂಡುದು ವಾದಕ್ಕೆ ಸಿದ್ಧತೆಗಾಗಿಯೆ ಇರಬಹುದು. ಹಾಗಿದ್ದರೂ ಅದನ್ನು ಓದದೆ ವಾದ ಮಾಡುವಂತಿರಲಿಲ್ಲವೆಂಬುದು ಗಮನಿಸತಕ್ಕ ಅಂಶ.

ಈ ಪಾಠಪಟ್ಟಿಯನ್ನು ಎಲ್ಲ ಪಠ್ಯಪುಸ್ತಕಗಳೂ ಉದ್ಧರಿಸುತ್ತವೆ. ಅದರ ಬೆನ್ನಿಗೆ ಬರುವ ಭಾಗವನ್ನು ಅನೇಕರು ದಾಟಿಹೋಗುತ್ತಾರೆ. ದೀನರು, ಅನಾಥರು, ಹೆಳವರು, ಕುರುಡರು, ಕಿವುಡರು, ಹಾಡುವವರು, ಬಾರಿಸುವವರು, ಕುಣಿಯುವವರು, ಬೇರೆ ಬೇರೆ ಪಂಥಗಳ ಭಿಕ್ಷುಗಳು, ಇಂಥವರೆಲ್ಲರಿಗೆ ಅಲ್ಲಿ ತಡೆಯಿಲ್ಲದೆ ಅನ್ನ ದೊರೆಯುತ್ತಿದ್ದಿತು, ರೋಗಿಗಳಿಗೆ ಔಷಧವಿದ್ದಿತು. ಪ್ರಶಸ್ತಿಯ ಭಾಷೆಯಲ್ಲಿ ಉತ್ಪ್ರೇಕ್ಷೆ ಸಹಜವಾದುದರಿಂದ ಪ್ರತಿಯೊಂದು ಪದವನ್ನೂ ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ದತ್ತಿಯ ಭಾಗ ಪ್ರಶಸ್ತಿಯಲ್ಲ. ಆಚಾರ್ಯನ ಕಾಲನ್ನು ತೊಳೆದು ಧಾರೆಯೆರೆದು ಕೊಟ್ಟ ಭೂಮಿ, ಅದರ ಎಲ್ಲೆ, ಅದರ ಉತ್ಪನ್ನ ಯಾವುದಕ್ಕೆ ವಿನಿಯೋಗವಾಗತಕ್ಕದ್ದೆಂಬ ವಿವರ, ಇವು ವ್ಯವಹಾರದ ಮಾತುಗಳು. ದೇವರ ಅಂಗಭೋಗ, ದೇವಾಲಯದ ಜೀರ್ಣೋದ್ಧಾರ, ವಿದ್ಯಾದಾನ, ಆಹಾರದಾನ ಎಂದು ಇಂಥ ದತ್ತಿಗಳು ಖರ್ಚಿನ ಬಾಬುಗಳನ್ನು ಹೆಸರಿಸುತ್ತವೆ. ವಿದ್ಯೆಯೂ ಅನ್ನವೂ ಒಂದೇ ಸಾಲಿನಲ್ಲಿ ಒಂದೇ ಭೂಮಿಯ ಮೇಲೆ ನಿಂತಿವೆ.

ಇದೇ ಮಠದ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಕೋಡಿಯ ಮಠದ ಗುರುಪರಂಪರೆಯಲ್ಲಿ ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ ಮೊದಲಾದವರ ತರುವಾಯ ವಿದ್ಯಾಭರಣನೆಂಬವನು ಬರುತ್ತಾನೆ. 12ನೆಯ ಶತಮಾನದ ಪೂರ್ವಾರ್ಧದ ಶಾಸನವೊಂದು ಅವನ ವಿಷಯದಲ್ಲಿ ಒಂದು ವಿಶೇಷವನ್ನು ಹೇಳುತ್ತದೆ: ವಿದ್ಯೆಯ ಸುಖಕ್ಕೆ ಅಡ್ಡಬರುವುದೆಲ್ಲವೂ ತೊಡಕೆಂದು ಭಾವಿಸಿ ಅವನು ಮಠಾಧಿಪತ್ಯವನ್ನು ತನ್ನ ಹಿರಿಯ ಶಿಷ್ಯನಿಗೆ ಒಪ್ಪಿಸಿಬಿಟ್ಟನು. ನಮ್ಮ ಕಾಲೇಜುಗಳಲ್ಲಿ ಪ್ರಾಂಶುಪಾಲರ ಪ್ರಭಾರವನ್ನು ತಪ್ಪಿಸಿಕೊಳ್ಳಲು ಸಂಶೋಧನೆಯ ನೆಪ ಹೇಳುವ ಹಿರಿಯರಿಗೆ ಇಷ್ಟು ಪ್ರಾಚೀನವಾದ ಪೂರ್ವಾಧಾರವಿದೆಯೆಂದು ತಿಳಿದರೆ ಸಂತೋಷವಾದೀತು. ಹಾಸ್ಯವಿರಲಿ. ಮಠವನ್ನು ನಡೆಸುವುದು ಒಂದು ಕೆಲಸ, ಪಾಠ ಹೇಳುವುದು ಇನ್ನೊಂದು ಕೆಲಸ, ಎರಡನ್ನೂ ಒಬ್ಬನ ತಲೆಗೆ ಕಟ್ಟಿದರೆ ಎರಡನೆಯದು ಸೊರಗುತ್ತದೆ ಎಂಬ ತಿಳಿವಳಿಕೆ ಆ ಕಾಲಕ್ಕೆ ಇದ್ದಿತೆಂಬುದನ್ನು ಈ ಶಾಸನ ತೋರಿಸುತ್ತದೆ. ಅದು ಶಾಸನಕ್ಕೆ ಏರುವಷ್ಟು ಗೌರವದ ಸಂಗತಿಯಾಗಿಯೂ ಇದ್ದಿತು.

ಬಳ್ಳಿಗಾವಿಗೆ ಸಮೀಪದ ತಾಳಗುಂದ ಇನ್ನೂ ಹಳೆಯ ಊರು. ಅದರ ಪ್ರಾಚೀನ ನಾಮ ಸ್ಥಾನಕುಂದೂರು. ಅಲ್ಲಿಯ ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭಶಾಸನವನ್ನು ಕದಂಬ ಶಾಂತಿವರ್ಮನ ಆಜ್ಞೆಯಂತೆ ಕುಬ್ಜನೆಂಬ ಕವಿ ರಚಿಸಿ ತಾನೇ ಕಲ್ಲಿನ ಮೇಲೆ ಬರೆದನು. ಕಾಕುಸ್ಥವರ್ಮನು ಅಲ್ಲಿ ಕಟ್ಟಿಸಿದ ಕೆರೆಯೇ ಆ ಶಾಸನದ ನೆಪ. ಮಯೂರಶರ್ಮನು ಗುರು ವೀರಶರ್ಮನೊಡನೆ ಕಾಂಚಿಯ ಘಟಿಕೆಗೆ ವ್ಯಾಸಂಗಕ್ಕಾಗಿ ಹೋಗಿ, ಪಲ್ಲವರ ಅಶ್ವಾರೋಹಿಯೊಡನೆ ಕಲಹವಾಗಿ, ದರ್ಭೆಯನ್ನು ಹಿಡಿಯುವ ಕೈಯಲ್ಲಿ ಖಡ್ಗವನ್ನು ಹಿಡಿದ ಕಥೆ ಅದರಲ್ಲಿಯೇ ಇರುವುದು. ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟವರ ಪಟ್ಟಿಯಲ್ಲಿ ಈ ಸೀಮೆಯ ಮೊದಲ ಹೆಸರು ಒಬ್ಬ ರಾಜವಂಶಸ್ಥಾಪಕನದು. ಅವನು ಏಕೆ ಬಿಟ್ಟನೆಂಬುದನ್ನೂ ಶಾಸನ ಮರೆಯದೆ ಹೇಳಿದೆ. ನಮ್ಮ ದಾಖಲೆಗಳಲ್ಲಿ ‘ಬಿಟ್ಟನು’ ಎಂಬುದಕ್ಕೆ ಒಂದು ಅಂಕಣವಿದೆ, ಕಾರಣಕ್ಕೆ ಇಲ್ಲ.

ಏಳು ಶತಮಾನಗಳ ತರುವಾಯ, 1158ರ ಶಾಸನವೊಂದರಲ್ಲಿ ಇದೇ ತಾಳಗುಂದದ ಅಗ್ರಹಾರದ ಪಾಠಶಾಲೆ ಮತ್ತೆ ಕಾಣಿಸಿಕೊಳ್ಳುತ್ತದೆ. ವೇದಪಾಠಗಳಿಗೆ ಉಪಾಧ್ಯಾಯರು, ಶಾಸ್ತ್ರಗಳಿಗೆ ಉಪಾಧ್ಯಾಯರು, ಅವರೊಡನೆ ಕನ್ನಡ ಅಕ್ಷರವನ್ನು ಕಲಿಸುವವನು. ಓದುವ ಮಕ್ಕಳಿಗೆ ಊಟ, ಆ ಊಟವನ್ನು ಬೇಯಿಸಲು ಅಡುಗೆಯವರು. ಅಡುಗೆಯವನಿಗೂ ಅಕ್ಷರ ಕಲಿಸುವವನಿಗೂ ಒಂದೇ ಶಾಸನದಲ್ಲಿ ಜೀವಿತವನ್ನು ನಿಯಮಿಸಿರುವುದು ಆಕಸ್ಮಿಕವಲ್ಲ. ಇಂಥ ಉದಾಹರಣೆ ಈ ಸೀಮೆಗೇ ಸೀಮಿತವೂ ಅಲ್ಲ. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನಕ್ಕೆ ಸೇರಿದ 1058ರ ಶಾಸನದಲ್ಲಿ ಉಪಾಧ್ಯಾಯರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು, ಎಂದರೆ ಗ್ರಂಥಪಾಲಕರು, ಉಕ್ತರಾಗಿದ್ದಾರೆ. ಆರು ಮಂದಿ! ಇಂದಿನ ಎಷ್ಟೋ ಕಾಲೇಜುಗಳಲ್ಲಿ ಒಬ್ಬ ಗ್ರಂಥಪಾಲಕನ ಹುದ್ದೆಯೂ ತುಂಬುವುದು ಕಷ್ಟ.

ಹೀಗೆ ಹೇಳುವಾಗ ಹಳೆಯದನ್ನು ಹೊಗಳಿ ಹೊಸದನ್ನು ತೆಗಳುವ ಸುಲಭವಾದ ದಾರಿಗೆ ನಾನು ಬೀಳಬಾರದು. ಅಗ್ರಹಾರದಲ್ಲಿ ಯಾರು ಓದಿದರು, ಯಾರಿಗೆ ಓದಲು ಅವಕಾಶವಿರಲಿಲ್ಲ ಎಂಬುದು ಎಲ್ಲರಿಗೂ ತಿಳಿದ ವಿಷಯ. ಕೋಡಿಯ ಮಠದಲ್ಲಿ ಅನ್ನದ ಬಾಗಿಲು ವಿಶಾಲವಾಗಿದ್ದಿತು. ವಿದ್ಯೆಯ ಬಾಗಿಲೂ ಅಷ್ಟೇ ವಿಶಾಲವಾಗಿದ್ದಿತೆಂದು ಶಾಸನ ಎಲ್ಲಿಯೂ ಹೇಳುವುದಿಲ್ಲ. ಭೂಮಿಯನ್ನು ಉತ್ತು ಆ ಉತ್ಪನ್ನವನ್ನು ಕೊಟ್ಟವರ ಮಕ್ಕಳು ಅಲ್ಲಿ ವ್ಯಾಕರಣ ಓದಲಿಲ್ಲ. ಬಳ್ಳಿಗಾವಿಯನ್ನು ಅಲ್ಲಮಪ್ರಭುವಿನ ಹುಟ್ಟೂರೆಂದೂ ಸಮೀಪದ ಉಡುತಡಿಯನ್ನು ಅಕ್ಕಮಹಾದೇವಿಯ ಹುಟ್ಟೂರೆಂದೂ ಪರಂಪರೆ ಹೇಳುತ್ತದೆ. ಇಷ್ಟು ಮಠ ಅಗ್ರಹಾರಗಳ ನಡುವೆ ಹುಟ್ಟಿಯೂ ಆ ಇಬ್ಬರ ಜ್ಞಾನ ಯಾವ ದತ್ತಿಯ ಲೆಕ್ಕಕ್ಕೂ ಸೇರಲಿಲ್ಲ. ಹೊಸ ವ್ಯವಸ್ಥೆಯ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಇದೇ: ಅದು ಬಾಗಿಲಲ್ಲಿ ಕುಲವನ್ನು ಕೇಳುವುದಿಲ್ಲ.

ಬಾಗಿಲನ್ನು ದೊಡ್ಡದು ಮಾಡುವ ಈ ಪ್ರಯತ್ನಕ್ಕೆ ನಮ್ಮ ನಾಡಿನಲ್ಲಿಯೂ ಅರ್ಧ ಶತಮಾನಕ್ಕೂ ಮೀರಿದ ಚರಿತ್ರೆಯಿದೆ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆಯ ಮೂಲಕ ಪಾಠಗಳನ್ನು ಆರಂಭಿಸಿತು. ಅದರಿಂದಲೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ರೂಪುಗೊಂಡಿತು. ಅದಕ್ಕಿಂತ ಕುತೂಹಲಕರವಾದುದು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ. ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಮುಟ್ಟಿಸಲಾಯಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಆಯ್ಕೆಯಾದವು. ಬೆಳಗ್ಗೆ ಶಾಲೆಯ ಮಕ್ಕಳಿಗೆ ಇಪ್ಪತ್ತೆರಡೂವರೆ ನಿಮಿಷ. ಸಂಜೆ ಬೇಸಾಯ, ಆರೋಗ್ಯ ಮುಂತಾದ ವಿಷಯಗಳು. ಇಲ್ಲಿ ನಾವು ಮರೆಯಬಾರದ ಅಂಶವೆಂದರೆ, ಪಾಠದ ಜೊತೆಗೆ ಪಾಠವನ್ನು ನೋಡುವ ಪೆಟ್ಟಿಗೆಯನ್ನೂ, ಆಕಾಶಕ್ಕೆ ಮುಖಮಾಡಿದ ತಂತಿಬಲೆಯ ಬುಟ್ಟಿಯನ್ನೂ, ಕೆಟ್ಟರೆ ಸರಿಪಡಿಸುವವರನ್ನೂ ಸರ್ಕಾರವೇ ಕಳುಹಿಸಿತು. ಪೆಟ್ಟಿಗೆ ಯಾರ ಮನೆಯದೂ ಆಗಿರಲಿಲ್ಲ, ಊರಿನದಾಗಿದ್ದಿತು. ಈ ಒಂದು ವಿಷಯದಲ್ಲಿ ಅದು ಕಾಳಾಮುಖರ ಮಠದ ಮಾದರಿಗೆ ಹತ್ತಿರವಾದುದು. ಆದರೆ ಉಪಗ್ರಹ ಎರವಲಿನದು. ವರ್ಷ ತುಂಬಿದೊಡನೆ ಹೊರಟುಹೋಯಿತು. ಮಠಕ್ಕೆ ಬಿಟ್ಟ ಭೂಮಿ ಆಚಂದ್ರಾರ್ಕವಾದುದೆಂದು ಬರೆಯುತ್ತಿದ್ದರು. ಅಷ್ಟು ಕಾಲ ಅದು ನಿಲ್ಲಲಿಲ್ಲವೆಂಬುದು ಬೇರೆ ಮಾತು. ಇಲ್ಲಿ ಗಡುವು ಮೊದಲೇ ಬರೆದಿದ್ದಿತು.

ಈಗ ನಾವು ಬಳಸುವ ತರದ ವ್ಯವಸ್ಥೆಗಳಲ್ಲಿ ಲೋಕಪ್ರಸಿದ್ಧವಾದ ಮೂಡಲ್ ಎಂಬುದು 2002ರಲ್ಲಿ ಹೊರಬಂದಿತು. (ನಮ್ಮ ಮೂಡಲಿಗೂ ಅದಕ್ಕೂ ಸಂಬಂಧವಿಲ್ಲ.) ಅದನ್ನು ರಚಿಸಿದ ಮಾರ್ಟಿನ್ ಡೋಗಿಯಾಮಸ್ ಅವರು ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯಲ್ಲಿ ಬೆಳೆದವರು, ಬಾಲ್ಯದಲ್ಲಿ ರೇಡಿಯೊ ಮೂಲಕ ನಡೆಯುವ ಶಾಲೆಯಲ್ಲಿ ದೂರದಿಂದ ಓದಿದವರು. ಶಾಲೆ ನೂರಾರು ಮೈಲಿಗಳಾಚೆ ಇದ್ದವನ ಅನುಭವದಿಂದ ಹುಟ್ಟಿದ ಈ ಉಪಕರಣವನ್ನು ಯಾರು ಬೇಕಾದರೂ ಪಡೆದು ತಿದ್ದಿಕೊಳ್ಳುವಂತೆ ಅವರು ತೆರೆದಿಟ್ಟರು. ಇದನ್ನು ಹೇಳಬೇಕಾದುದು ನ್ಯಾಯ. ಇಂಥ ವ್ಯವಸ್ಥೆಗಳೆಲ್ಲವೂ ಗುಮಾಸ್ತರ ಅನುಕೂಲಕ್ಕಾಗಿ ಹುಟ್ಟಿದವೆಂದು ನಮ್ಮಲ್ಲಿ ಕೆಲವರು ಭಾವಿಸಿದ್ದಾರೆ, ಅದು ತಪ್ಪು.

2020ರ ಮಾರ್ಚ್ ತಿಂಗಳಲ್ಲಿ ಕೊರೋನ ವ್ಯಾಧಿಯ ನಿಮಿತ್ತ ವಿದ್ಯಾಲಯಗಳು ಮುಚ್ಚಿದವು. ಜುಲೈನಲ್ಲಿ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ‘ಸಂವೇದ’ ಪಾಠಗಳು ಆರಂಭವಾದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂದಿತು. ಅದರಲ್ಲಿ ಶಿಕ್ಷಕರೇ ಊರಿಗೆ ಹೋಗಿ, ದೇವಸ್ಥಾನದ ಜಗುಲಿಯಲ್ಲೊ ಮರದ ನೆರಳಿನಲ್ಲೊ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್ ತಿಂಗಳಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ವರ್ಷದ ಪ್ರಯೋಗಗಳಲ್ಲಿ ಮಲೆನಾಡಿನ ಸ್ವಭಾವವನ್ನು ಅರಿತದ್ದು ಅದೊಂದೇ ಎಂದು ನನ್ನ ಅಭಿಪ್ರಾಯ. 2021ರಲ್ಲಿ ಸರ್ಕಾರಿ ಪದವಿ ಕಾಲೇಜುಗಳಿಗೂ ಪಾಲಿಟೆಕ್ನಿಕ್‌ಗಳಿಗೂ ರಾಜ್ಯದ ಕಲಿಕಾ ನಿರ್ವಹಣಾ ವ್ಯವಸ್ಥೆ ಬಂದಿತು. ಆಗ ಮುಖ್ಯಮಂತ್ರಿಗಳಾಗಿದ್ದ ಬಿ. ಎಸ್. ಯಡಿಯೂರಪ್ಪನವರು ಶಿಕಾರಿಪುರ ಕ್ಷೇತ್ರದ ಪ್ರತಿನಿಧಿಗಳೇ ಆಗಿದ್ದರೆಂಬುದನ್ನು ಸ್ಥಳೀಯ ಇತಿಹಾಸದ ದೃಷ್ಟಿಯಿಂದ ಇಲ್ಲಿ ದಾಖಲಿಸುತ್ತೇನೆ.

ಆ ವರ್ಷದ ಬೇಸಗೆಯಲ್ಲಿ ವ್ಯಾಧಿಯ ಎರಡನೆಯ ಅಲೆ ಎದ್ದಾಗ ನಾನು ಮನೆಯಿಂದಲೇ ಕದಂಬರ ಪಾಠವನ್ನು ಹೇಳುತ್ತಿದ್ದೆನು. ನಮ್ಮಲ್ಲಿ ಬಳಸುತ್ತಿದ್ದ ಏರ್ಪಾಡಿನಲ್ಲಿ ವಿದ್ಯಾರ್ಥಿ ಇಂತಿಷ್ಟು ನಿಮಿಷ ಸಂಪರ್ಕದಲ್ಲಿದ್ದರೆ ಹಾಜರಿ, ಕಡಮೆಯಾದರೆ ಗೈರುಹಾಜರಿ. ಅಂಬ್ಲಿಗೊಳದ ಕಡೆಯ ಹುಡುಗನೊಬ್ಬನು ಪ್ರತಿದಿನವೂ ಬಂದು ಹತ್ತು ನಿಮಿಷಕ್ಕೆಲ್ಲ ಕಾಣೆಯಾಗುತ್ತಿದ್ದನು. ಇವನಿಗೆ ಆಸಕ್ತಿಯಿಲ್ಲವೆಂದು ನಾನು ತೀರ್ಮಾನಿಸಿದೆನು. ಆಂತರಿಕ ಅಂಕಗಳನ್ನು ಕೊಡುವಾಗ ದಾಖಲೆ ಹೇಳಿದಂತೆಯೇ ಮಾಡಿದೆನು. ವಿಚಾರಿಸಬೇಕಾಗಿದ್ದಿತು, ವಿಚಾರಿಸಲಿಲ್ಲ. ದಾಖಲೆ ಅಷ್ಟು ಸ್ಪಷ್ಟವಾಗಿದ್ದುದೇ ಅದಕ್ಕೆ ಕಾರಣ. ಹಳೆಯ ಹಾಜರಿ ಪುಸ್ತಕದಲ್ಲಿ ನನ್ನ ಕೈಯಿಂದಲೇ ಗೈರುಹಾಜರಿಯನ್ನು ಬರೆಯಬೇಕಾಗಿದ್ದಿದ್ದರೆ ನಾಲ್ಕನೆಯ ದಿನವಾದರೂ ಲೇಖನಿ ತಡೆಯುತ್ತಿದ್ದಿತೋ ಏನೋ.

ಕಾಲೇಜು ತೆರೆದ ಮೇಲೆ ಅವನು ತನ್ನ ಪುಸ್ತಕವನ್ನು ತಂದು ತೋರಿಸಿದನು. ಅವರ ಮನೆ ಇರುವಲ್ಲಿ ಮೊಬೈಲಿಗೆ ಸಂಪರ್ಕ ಸಿಕ್ಕುವುದಿಲ್ಲ. ಜಲಾಶಯದ ಏರಿಯ ಮೇಲೆ ಒಂದು ಕಡೆ ನಿಂತರೆ ಸಿಕ್ಕುತ್ತಿದ್ದಿತು. ಗಾಳಿ ಮೋಡ ಬಂದರೆ ಅದೂ ಇಲ್ಲ. ಮನೆಗೆಲ್ಲ ಒಂದೇ ಮೊಬೈಲ್. ಪುಸ್ತಕದಲ್ಲಿ ಪ್ರತಿದಿನದ ತಾರೀಖು, ಅದರ ಕೆಳಗೆ ಆ ದಿನದ ಪಾಠದ ಆರಂಭ ಅಚ್ಚುಕಟ್ಟಾಗಿ ಬರೆದಿದ್ದಿತು. ಬಳಿಕ ಒಂದು ಅಡ್ಡಗೆರೆ, ‘ಇಲ್ಲಿಗೆ ನಿಂತಿತು’ ಎಂಬ ಎರಡು ಮಾತು. ಪುಟದಿಂದ ಪುಟಕ್ಕೆ ಹೀಗೆಯೇ. ಅದು ಆರಂಭಗಳ ಪುಸ್ತಕ. ನಾನು ದಿನವೂ ಮೊದಲ ಹತ್ತು ನಿಮಿಷವನ್ನು ಹಿಂದಿನ ದಿನದ ಪಾಠವನ್ನು ಮತ್ತೆ ಹೇಳುವುದರಲ್ಲಿ ಕಳೆಯುತ್ತೇನೆಂಬುದೂ ಅದರಿಂದಲೇ ನನಗೆ ಗೊತ್ತಾಯಿತು. ಆ ಪುನರುಕ್ತಿಯ ದಾರದಿಂದ ಅವನು ಪಾಠವನ್ನು ಹೆಚ್ಚು ಕಡಮೆ ಪೂರ್ತಿಯಾಗಿ ಹೊಲಿದುಕೊಂಡಿದ್ದನು.

ವಾಚಕರು ಇದನ್ನು ಒಂದು ಊರಿನ ಗೋಪುರದ ಕೊರತೆಯೆಂದು ಭಾವಿಸಬಹುದು. ಗೋಪುರಗಳು ಬಂದಾವು, ಬರಬೇಕು. ನನ್ನ ವಾದ ಬೇರೆ. ಕೋಡಿಯ ಮಠದ ಶಾಸನವು ಕಲಿಕೆಗೆ ಬೇಕಾದ ಆಧಾರಗಳನ್ನೆಲ್ಲ ನಿರ್ವಹಿಸಿ, ಕಲಿಕೆಯನ್ನು ಮಾತ್ರ ಗುರುವಿಗೂ ಶಿಷ್ಯನಿಗೂ ಬಿಟ್ಟಿತು. ಯಾವ ಶಿಷ್ಯನು ಎಷ್ಟು ಹೊತ್ತು ಕುಳಿತನೆಂದು ಅದು ಬರೆಯಲಿಲ್ಲ. ನಮ್ಮ ವ್ಯವಸ್ಥೆಗಳು ಅವನು ಕುಳಿತ ನಿಮಿಷಗಳನ್ನೂ ಒತ್ತಿದ ಗುಂಡಿಗಳನ್ನೂ ಎಣಿಸುತ್ತವೆ. ಉಪಕರಣ, ಸಂಪರ್ಕ, ಕೂರುವ ಜಾಗ, ಇವುಗಳನ್ನು ಅವನ ಮನೆಗೆ ಬಿಟ್ಟಿವೆ. ಆ ಮನೆಯ ಕೊರತೆ ದಾಖಲೆಯನ್ನು ಪ್ರವೇಶಿಸುವಾಗ ವಿದ್ಯಾರ್ಥಿಯ ಕೊರತೆಯಾಗಿ ರೂಪಾಂತರ ಹೊಂದುತ್ತದೆ. ಇನ್ನೊಂದು ಭೇದವನ್ನೂ ಗಮನಿಸಬೇಕು. ಶಾಸನವು ದೇವಾಲಯದ ಅಂಗಳದಲ್ಲಿ ಎಲ್ಲರ ಕಣ್ಣೆದುರಿಗೆ ನಿಂತು, ದಾನ ಕೊಟ್ಟವನು ಏನನ್ನು ಒಪ್ಪಿಕೊಂಡನೆಂದು ಹೇಳುತ್ತಿದ್ದಿತು. ಓದಬಲ್ಲವರು ಕೆಲವರೇ ಆದರೂ, ಮಠಾಧಿಪತಿ ತಪ್ಪಿದರೆ ತೋರಿಸಲು ಒಂದು ಕಲ್ಲು ಇದ್ದಿತು. ನಮ್ಮ ದಾಖಲೆ ವಿದ್ಯಾರ್ಥಿಯ ವಿಷಯವನ್ನು ಸಂಸ್ಥೆಗೆ ಹೇಳುತ್ತದೆ. ಸಂಸ್ಥೆ ಏನನ್ನು ಒಪ್ಪಿಕೊಂಡಿತೆಂಬುದನ್ನು ವಿದ್ಯಾರ್ಥಿಗೆ ಹೇಳುವ ಪುಟ ಅದರಲ್ಲಿಲ್ಲ.

ಮುಂದಿನ ದಿನಗಳಲ್ಲಿ ದೂರಪಾಠ ಕಡಮೆಯಾಗುವ ಸಂಭವವಿಲ್ಲ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ‘ಸ್ವಯಂ’ ವೇದಿಕೆಯ ಮೂಲಕ ಒಂದು ಅವಧಿಯ ಪಾಠಗಳಲ್ಲಿ ನೂರಕ್ಕೆ 40ರವರೆಗೆ ಪಡೆಯಬಹುದೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2021ರ ನಿಯಮಗಳು ಅನುಮತಿ ನೀಡಿದವು. ಅದಕ್ಕೆ ಹಿಂದಿನ ನಿಯಮದಲ್ಲಿ ಇದು 20 ಆಗಿದ್ದಿತು. ನಮ್ಮಂಥ ಕಾಲೇಜುಗಳಲ್ಲಿ ಇಲ್ಲದ ವಿಷಯವನ್ನು ಶ್ರೇಷ್ಠ ವಿದ್ವಾಂಸರಿಂದ ಕೇಳುವ ಅವಕಾಶ ಇದರಿಂದ ದೊರೆಯುವುದು ನಿಜ. ಪ್ರಾಕೃತವನ್ನು ಕಲಿಸುವವರಿಲ್ಲದೆ ಮಳವಳ್ಳಿಯ ಸ್ತಂಭಶಾಸನದ ಮುಂದೆ ಮೂಕರಾಗಿ ನಿಲ್ಲುವ ನಮ್ಮ ವಿದ್ಯಾರ್ಥಿಗಳಿಗೆ ಇದು ಸಣ್ಣ ಲಾಭವಲ್ಲ. ಆದರೆ ನೂರಕ್ಕೆ 40ರಷ್ಟು ಪಾಠ ಹೊರಗಿನಿಂದ ಬರುವುದಾದರೆ, ಅಷ್ಟು ಪಾಠಕ್ಕೆ ಬೇಕಾದ ಅಡುಗೆಯವನೂ ಭಂಡಾರಿಗನೂ ಯಾರೆಂಬುದನ್ನು ಮೊದಲು ಗೊತ್ತುಮಾಡಬೇಕು. ಊರಿನ ಗ್ರಂಥಾಲಯದಲ್ಲಿ ಸಂಜೆಯವರೆಗೆ ತೆರೆದ ಒಂದು ಕೊಠಡಿ, ಅಲ್ಲಿ ನಾಲ್ಕು ಗಣಕಯಂತ್ರ, ಅವುಗಳನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ, ದೂರದಿಂದ ಬಂದವರಿಗೆ ಮಧ್ಯಾಹ್ನದ ಊಟ: ನನ್ನ ಬೇಡಿಕೆ ಇಷ್ಟೇ. ಹಾಜರಿಯ ಅಂಕಣದ ಪಕ್ಕದಲ್ಲಿ ಕಾರಣದ ಅಂಕಣವೊಂದು ಇರಲಿ. ಅದನ್ನು ತುಂಬುವ ಅಧಿಕಾರ ವಿದ್ಯಾರ್ಥಿಗೆ ಇರಲಿ. ಅಧ್ಯಾಪಕನಿಗೆ ವಿದ್ಯಾಭರಣನ ಸ್ವಾತಂತ್ರ್ಯದಲ್ಲಿ ಅಲ್ಪಭಾಗವಾದರೂ ದೊರೆಯಲಿ. ದಾಖಲೆ ತುಂಬುವ ಕೆಲಸಕ್ಕೆ ಬೇರೆ ಕೈ ಇರಲಿ.

ಆ ಹುಡುಗನ ಹಾಜರಿಯನ್ನು ತಿದ್ದಿಸಲು ನಾನು ಬರೆದ ಪತ್ರಕ್ಕೆ, ತಿದ್ದುಪಡಿಯ ಅವಧಿ ಮುಗಿದಿದೆಯೆಂಬ ಉತ್ತರ ಬಂದಿತು. ಅವನು ತೇರ್ಗಡೆಯಾದನು, ಕಳೆದುಹೋದ ಆಂತರಿಕ ಅಂಕಗಳು ಬರಲಿಲ್ಲ. ಅವನ ಒಪ್ಪಿಗೆ ಪಡೆದು ಪುಸ್ತಕದ ನೆರಳಚ್ಚನ್ನು ನಾನು ಇರಿಸಿಕೊಂಡಿದ್ದೇನೆ. ಕೊನೆಯ ಪುಟದಲ್ಲಿರುವುದು ತಾಳಗುಂದದ ಸ್ತಂಭಶಾಸನದ ಪಾಠ. ಕಾಕುಸ್ಥವರ್ಮನು ಕೆರೆ ಕಟ್ಟಿಸಿದುದೂ ಶಾಂತಿವರ್ಮನು ಶಾಸನ ಬರೆಯಿಸಿದುದೂ ಅದರಲ್ಲಿವೆ. ಬರೆದ ಕುಬ್ಜನ ಹೆಸರು ಬರುವುದಕ್ಕೆ ಮೊದಲೇ ಅಡ್ಡಗೆರೆ ಬಿದ್ದಿದೆ.